ಅಂಟಿಲ್ಲದ ಹಿಡಿತ

ಕುಚ್ಚಿನಲ್ಲಿ ಅಂಟಿಲ್ಲ, ಹೊಲಿಗೆಯಿಲ್ಲ, ಒಳಗೆ ತಂತಿಯೂ ಇಲ್ಲ. ಒಂದಷ್ಟು ಎಳೆಗಳನ್ನು ನಡುವಿಗೆ ಮಡಿಸಿ, ಮಡಿಕೆಯಿಂದ ತುಸು ಕೆಳಗೆ ಇನ್ನೊಂದು ದಾರವನ್ನು ಬಿಗಿಯಾಗಿ ಸುತ್ತಿದರೆ ಕುಚ್ಚು ತಯಾರು. ಮದುವೆ ಹೆಣ್ಣಿನ ಜಡೆಯ ತುದಿಯಲ್ಲಿ, ರೇಷ್ಮೆ ಸೀರೆಯ ಸೆರಗಿನಲ್ಲಿ, ಕಾರಹುಣ್ಣಿಮೆಗೆ ಸಿಂಗರಿಸಿದ ಎತ್ತಿನ ಕೊರಳಲ್ಲಿ ಅದು ಜಗ್ಗಾಟ, ತಿಕ್ಕಾಟ ಎಲ್ಲವನ್ನೂ ತಾಳಿಕೊಂಡು ಬಾಳುತ್ತದೆ. ಒಂದೇ ಒಂದು ಎಳೆಯನ್ನು ಹಿಡಿದು ಜಗ್ಗಿ ನೋಡಿ. ಎಳೆ ತುಂಡಾದರೂ ಆದೀತು, ಕಳಚಿಕೊಂಡು ಬರುವುದಿಲ್ಲ. ಇಷ್ಟು ಗಟ್ಟಿಯಾದ ಹಿಡಿತ ಬಂದದ್ದೆಲ್ಲಿಂದ?

ಇದನ್ನು ಕೈಯಲ್ಲಿ ಮಾಡುತ್ತಲೇ ತಿಳಿಯುವುದು ಚೆಂದ. ಎರಡು ಮೀಟರ್ ಅಗಲದ ಜಾಗಕ್ಕೆ ಒಂದು ಕುಚ್ಚಿನ ಮಾಲೆಯನ್ನು ಮಾಡೋಣ. ನಾಮಕರಣಕ್ಕೋ ಮಗುವಿನ ಹುಟ್ಟುಹಬ್ಬಕ್ಕೋ ಗೋಡೆಯ ಮೇಲೆ ಇಳಿಬಿಡುವಂಥದ್ದು, ಹದಿನೈದು ಕುಚ್ಚುಗಳದ್ದು. ಬೇಕಾಗುವುದು ಕಸೂತಿ ದಾರ, 10 ಸೆಂ.ಮೀ. ಎತ್ತರದ ರಟ್ಟಿನ ತುಂಡು, ಹರಿತವಾದ ಕತ್ತರಿ, ದೊಡ್ಡ ಕಣ್ಣಿನ ಸೂಜಿ, ಕೂದಲು ಬಾಚುವ ಸಣ್ಣ ಹಲ್ಲಿನ ಬಾಚಣಿಗೆ.

ಮೊದಲು ದಾರದ ಕಡೆ ನೋಡೋಣ, ಏಕೆಂದರೆ ಹಿಡಿತದ ಮೊದಲ ಪಾಠ ಅಲ್ಲೇ ಇದೆ. ಹತ್ತಿಯ ನಾರು ಸಾಮಾನ್ಯವಾಗಿ ಎರಡೂವರೆ, ಮೂರು ಸೆಂ.ಮೀ. ಉದ್ದ, ಅಷ್ಟೆ. ನಮ್ಮ ಕೈಯಲ್ಲಿರುವ ದಾರ 8 ಮೀಟರ್. ತುಂಡು ತುಂಡು ನಾರುಗಳು ಒಂದನ್ನೊಂದು ಯಾವ ಅಂಟೂ ಇಲ್ಲದೆ ಹಿಡಿದುಕೊಂಡು 8 ಮೀಟರ್ ದಾರವಾಗಿ ನಿಂತಿವೆ. ದೇವರ ದೀಪಕ್ಕೆ ಬತ್ತಿ ಹೊಸೆಯುವವರ ಕೈಗೆ ಇದರ ಗುಟ್ಟು ಗೊತ್ತು. ಬಿಡಿಸಿದ ಹತ್ತಿಯ ಒಂದು ಎಸಳನ್ನು ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆದರೆ ನಾರುಗಳು ಸದ್ದಿಲ್ಲದೆ ಜಾರಿ ಎಸಳು ಎರಡಾಗುತ್ತದೆ. ಅದೇ ಎಸಳನ್ನು ಅಂಗೈಗಳ ನಡುವೆ ಹೊಸೆದು ಎಳೆಯಿರಿ, ಬರುವುದಿಲ್ಲ. ನಾರು ಅದೇ, ತೂಕವೂ ಅದೇ. ಬದಲಾದದ್ದು ಹುರಿ ಮಾತ್ರ.

ಹುರಿಗೊಂಡ ನಾರು ನೇರವಾಗಿ ಇರುವುದಿಲ್ಲ, ನೂಲಿನ ಮೈಸುತ್ತ ಬಳ್ಳಿಯಂತೆ ಹಬ್ಬಿರುತ್ತದೆ. ಅಂಥ ನೂಲನ್ನು ಎಳೆದಾಗ ಹೊರಗಿನ ನಾರುಗಳು ನೇರವಾಗಲು ಹೋಗಿ ಒಳಗಿನವುಗಳನ್ನು ಅಮುಕುತ್ತವೆ. ಅಮುಕಿದಷ್ಟೂ ಘರ್ಷಣೆ ಹೆಚ್ಚು. ಘರ್ಷಣೆ ಹೆಚ್ಚಿದಷ್ಟೂ ಜಾರುವುದು ಕಷ್ಟ. ಕೀಳಲು ಬಂದ ಬಲವೇ ಹಿಡಿತವನ್ನು ಬಿಗಿ ಮಾಡುತ್ತದೆ. ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ‘ಎರಡು ಹೊಸ ವಿಜ್ಞಾನಗಳು’ ಗ್ರಂಥದ ಮೊದಲ ದಿನದ ಸಂಭಾಷಣೆಯಲ್ಲೇ ಈ ಪ್ರಶ್ನೆ ಬರುತ್ತದೆ: ಎರಡು ಮೂರು ಮೊಳದ ನಾರುಗಳಿಂದ ನೂರು ಮೊಳದ ಹಗ್ಗ ಹೇಗಾಯಿತು? ಹುರಿಯೇ ನಾರುಗಳನ್ನು ಒತ್ತಿ ಹಿಡಿಯುತ್ತದೆ ಎಂಬಲ್ಲಿಗೆ ಅವನ ಪಾತ್ರಗಳ ಮಾತು ಮುಟ್ಟುತ್ತದೆ. ಆದರೆ ಸಾವಿರಾರು ನಾರುಗಳಲ್ಲಿ ಪ್ರತಿಯೊಂದೂ ಮೂರು ಸೆಂಟಿಮೀಟರಿಗೇ ಮುಗಿದುಹೋಗುವಾಗ ಎಳೆತ ನೂಲಿನ ಈ ತುದಿಯಿಂದ ಆ ತುದಿಗೆ ದಾಟುವುದು ಹೇಗೆ ಎಂಬ ಲೆಕ್ಕ ಸುಲಭದ್ದಲ್ಲ. 2018ರಲ್ಲಿ ಪ್ಯಾಟ್ರಿಕ್ ವಾರೆನ್, ರಾಬಿನ್ ಬಾಲ್, ರೇಮಂಡ್ ಗೋಲ್ಡ್‌ಸ್ಟೀನ್ ಎಂಬ ಮೂವರು ಭೌತವಿಜ್ಞಾನಿಗಳು ಇದನ್ನು ‘ಫಿಸಿಕಲ್ ರಿವ್ಯೂ ಲೆಟರ್ಸ್’ ಪತ್ರಿಕೆಯಲ್ಲಿ ಬಿಡಿಸಿ ತೋರಿಸಿದರು. ಘರ್ಷಣೆ ಒಂದು ಮಿತಿಗಿಂತ ಕಡಿಮೆಯಿದ್ದರೆ ನೂಲು ಜಾರಿ ಬಿಚ್ಚಿಕೊಳ್ಳುತ್ತದೆ. ಆ ಮಿತಿ ದಾಟಿತೋ, ನಾರುಗಳೆಲ್ಲ ಒಟ್ಟಾಗಿ ಹಿಡಿಯುತ್ತವೆ. ನೂಲು ಹರಿಯಬೇಕಾದರೆ ಆಮೇಲೆ ನಾರೇ ಹರಿಯಬೇಕು. ನಾವು ಉಟ್ಟ ಬಟ್ಟೆ ಮೈಮೇಲೆ ನಿಂತಿರುವುದೇ ಈ ಮಿತಿಯ ದೆಸೆಯಿಂದ.

ಕಸೂತಿ ದಾರ ಬರಿಯ ಹತ್ತಿಯಾದರೂ ಹೊಳೆಯುತ್ತದಲ್ಲ, ಅದು ಬೇರೆ ಕತೆ. ಬಲಿತು ಒಣಗಿದ ಹತ್ತಿಯ ನಾರು ಚಪ್ಪಟೆಯಾಗಿ, ತಿರುಚಿದ ಪಟ್ಟಿಯಂತಿರುತ್ತದೆ. ಬೆಳಕು ಅದರ ಮೇಲೆ ಬಿದ್ದರೆ ದಿಕ್ಕಾಪಾಲಾಗಿ ಚದುರುತ್ತದೆ. ಇಂಗ್ಲೆಂಡಿನ ಜಾನ್ ಮರ್ಸರ್ 1844ರ ಸುಮಾರಿಗೆ ಹತ್ತಿಗೆ ಕಾಸ್ಟಿಕ್ ಸೋಡಾ ತಾಗಿಸಿದಾಗ ನಾರು ಉಬ್ಬಿ ದುಂಡಗಾಗುವುದನ್ನು ಕಂಡ. 1850ರಲ್ಲಿ ಪೇಟೆಂಟ್ ಪಡೆದ. ಉಬ್ಬುವಾಗ ನೂಲು ಕುಗ್ಗದಂತೆ ಎಳೆದು ಹಿಡಿದರೆ ಅಚ್ಚ ಹೊಳಪು ಬರುತ್ತದೆ ಎಂದು ತೋರಿಸಿದ್ದು ಹೊರೇಸ್ ಲೋ, 1890ರ ಆಸುಪಾಸಿನಲ್ಲಿ. ಲಡಿಯ ಚೀಟಿಯ ಮೇಲೆ ‘ಮರ್ಸರೈಸ್ಡ್’ ಎಂದಿದ್ದರೆ ಈ ಇಬ್ಬರ ಕೆಲಸ ಅದರೊಳಗಿದೆ.

ರೇಷ್ಮೆಯ ಸ್ವಭಾವವೇ ಬೇರೆ. ರಾಮನಗರದ ಗೂಡಿನ ಮಾರುಕಟ್ಟೆಗೆ ಬರುವ ಒಂದೊಂದು ಗೂಡಿನಲ್ಲೂ ನೂರಾರು ಮೀಟರ್ ಉದ್ದದ, ನಡುವೆ ಎಲ್ಲೂ ತುಂಡಾಗದ ಎಳೆಯಿರುತ್ತದೆ. ಒಳ್ಳೆಯ ಗೂಡಾದರೆ ಸಾವಿರ ಮೀಟರನ್ನೂ ದಾಟೀತು. ನೂಲು ಬಿಚ್ಚಾಣಿಕೆಯಲ್ಲಿ ಗೂಡನ್ನು ಬಿಸಿನೀರಿಗೆ ಹಾಕಿದಾಗ ಸೆರಿಸಿನ್ ಎಂಬ ಅಂಟು ಮೆತ್ತಗಾಗಿ ಎಳೆ ಬಿಡುತ್ತದೆ. ಮುಂದೆ ಸೋಪಿನ ನೀರಿನಲ್ಲಿ ಕುದಿಸಿ ಆ ಅಂಟನ್ನು ಪೂರಾ ತೆಗೆದರೆ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಹೋಗುತ್ತದೆ, ಉಳಿಯುವುದು ಫೈಬ್ರಾಯಿನ್. ಅದರ ಅಡ್ಡಸೀಳು ಮೂಲೆ ಸವೆದ ತ್ರಿಕೋನ. ಆ ಚಪ್ಪಟೆ ಮಗ್ಗುಲುಗಳಿಂದ ಬೆಳಕು ಚದುರದೆ ಹೊರಳುವುದರಿಂದಲೇ ರೇಷ್ಮೆಗೆ ಆ ಮಿರುಗು. ಎಳೆ ಇಡಿಯಾಗಿ ಇರುವುದರಿಂದ ಅದನ್ನು ಹಿಡಿದಿಡಲು ಹೆಚ್ಚು ಹುರಿ ಬೇಕಿಲ್ಲ, ಹುರಿ ಕಡಿಮೆಯಾದಷ್ಟೂ ಕುಚ್ಚು ಮೆದು. ಹತ್ತಿಯಲ್ಲಿ ಹುರಿ ತೆಗೆದರೆ ನೂಲೇ ಇಲ್ಲ.

ಅಂಗಡಿಯಲ್ಲಿ ಕುಚ್ಚಿಗೆಂದು ‘ಸಿಲ್ಕ್ ದಾರ’ ಕೇಳಿದರೆ ಅನೇಕ ವೇಳೆ ಕೈಗೆ ಬರುವುದು ಆರ್ಟ್ ಸಿಲ್ಕ್, ಅಂದರೆ ವಿಸ್ಕೋಸ್ ರೇಯಾನ್ ಅಥವಾ ಪಾಲಿಯೆಸ್ಟರ್. ಕುಚ್ಚಿಗೆ ಅದೇನೂ ಕೆಟ್ಟದ್ದಲ್ಲ, ಆದರೆ ಯಾವುದೆಂದು ತಿಳಿದಿರಬೇಕು. ಒಂದು ಇಂಚಿನ ದಾರವನ್ನು ಚಿಮಟಿಗೆಯಲ್ಲಿ ಹಿಡಿದು, ಕೆಳಗೆ ಸ್ಟೀಲ್ ತಟ್ಟೆಯಿಟ್ಟು, ತುದಿಗೆ ಬೆಂಕಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಕರಿ ಉಳಿದರೆ ಅದು ರೇಷ್ಮೆ, ಏಕೆಂದರೆ ಕೂದಲಿನಂತೆ ಅದೂ ಪ್ರೋಟೀನ್. ಕಾಗದ ಸುಟ್ಟ ವಾಸನೆ, ಹಗುರ ಬೂದಿ ಬಂದರೆ ಹತ್ತಿ ಅಥವಾ ರೇಯಾನ್, ಎರಡೂ ಸೆಲ್ಯುಲೋಸ್. ಕರಗಿ ಗಟ್ಟಿ ಮಣಿಯಾಯಿತೋ, ಪಾಲಿಯೆಸ್ಟರ್. ಹತ್ತಿ, ರೇಯಾನ್ ಕುಚ್ಚುಗಳು ಬಿಡಿ ಎಳೆಗಳಾಗಿ ಇಳಿಬಿದ್ದಿರುವುದರಿಂದ ಗಾಳಿ ಎಲ್ಲ ಕಡೆಯಿಂದಲೂ ತಾಗಿ ಬೇಗ ಹೊತ್ತಿಕೊಳ್ಳುತ್ತವೆ. ಕೇಕಿನ ಮೇಣದಬತ್ತಿ ಇರಲಿ, ದೀಪದ ಕಂಬ ಇರಲಿ, ಮಾಲೆಯನ್ನು ಅದರಿಂದ ದೂರವೇ ಕಟ್ಟಬೇಕು.

ಇನ್ನು ಸುತ್ತೋಣ. ರಟ್ಟು 10 ಸೆಂ.ಮೀ. ಎತ್ತರ ಇರುವುದರಿಂದ ಒಂದು ಸುತ್ತಿಗೆ 20 ಸೆಂ.ಮೀ. ದಾರ ಹಿಡಿಯುತ್ತದೆ, 8 ಮೀಟರಿನ ಒಂದು ಲಡಿಯಿಂದ 40 ಸುತ್ತು. ಬುಡದಲ್ಲಿ ಕತ್ತರಿಸಿದಾಗ 80 ದಾರ ಇಳಿಬೀಳುತ್ತವೆ. ಕಸೂತಿ ದಾರದಲ್ಲಿ ಬಿಡಿಸಬಹುದಾದ ಆರು ಎಳೆಗಳಿರುವುದರಿಂದ 480 ಎಳೆ. ಒಂದು ಲಡಿ, ಒಂದು ಕುಚ್ಚು. ಕಟ್ಟಲು ಬೇಕಾದ ದಾರವನ್ನು ಬೇರೆ ಲಡಿಯಿಂದ ತೆಗೆದುಕೊಳ್ಳಿ. ಸುತ್ತುವಾಗ ಎಳೆದು ಬಿಗಿಯಬೇಡಿ. ಬಿಗಿದರೆ ರಟ್ಟು ಬಾಗುತ್ತದೆ, ಕತ್ತರಿಸಿದ ಮೇಲೆ ದಾರಗಳು ಏರುತಗ್ಗಾಗುತ್ತವೆ. ಸುತ್ತು ಮುಗಿದ ಮೇಲೆ ಸೂಜಿಯಲ್ಲಿ ಒಂದು ದಾರ ಪೋಣಿಸಿ, ರಟ್ಟಿನ ಮೇಲಂಚಿನಲ್ಲಿ ಎಲ್ಲ ಸುತ್ತುಗಳ ಅಡಿಯಿಂದ ಹಾಯಿಸಿ, ಬಿಗಿಯಾಗಿ ಗಂಟು ಹಾಕಿ. ಇದರ ಎರಡು ಬಾಲಗಳನ್ನು ಉದ್ದಕ್ಕೇ ಬಿಡಿ, ಮಾಲೆಗೆ ಕಟ್ಟಲು ಬೇಕು.

ಗಂಟಿನ ಬಗ್ಗೆ ಒಂದು ಮಾತು. ಬಲದ ತುದಿಯನ್ನು ಎಡದ ಮೇಲೆ ಹಾಯಿಸಿ ಮೊದಲ ಗಂಟು ಹಾಕಿದಿರಿ. ಎರಡನೆಯದಕ್ಕೂ ಹಾಗೇ ಹಾಕಿದರೆ ಅದು ಗ್ರ್ಯಾನಿ ಗಂಟು; ಅಡ್ಡಡ್ಡ ನಿಂತು, ಜಗ್ಗಾಡಿದರೆ ಸಡಿಲವಾಗುತ್ತದೆ. ಎರಡನೆಯ ಸಲ ಎಡದ ತುದಿಯನ್ನು ಬಲದ ಮೇಲೆ ಹಾಯಿಸಿದರೆ ಚಪ್ಪಟೆಯಾಗಿ ಕೂರುವ ರೀಫ್ ಗಂಟು, ಇದು ನಿಲ್ಲುತ್ತದೆ. ನಾವಿಕರಿಗೆ ಶತಮಾನಗಳಿಂದ ಗೊತ್ತಿದ್ದ ಈ ವ್ಯತ್ಯಾಸಕ್ಕೆ ಕಾರಣ ಸಿಕ್ಕಿದ್ದು ತೀರ ಈಚೆಗೆ. ಅಮೆರಿಕದ ಎಂಐಟಿಯಲ್ಲಿ ಮಥಿಯಾಸ್ ಕೋಲೆಯವರ ತಂಡ ಎಳೆತ ಹೆಚ್ಚಾದಲ್ಲಿ ಬಣ್ಣ ಬದಲಾಗುವ ಎಳೆಯನ್ನು ತಯಾರಿಸಿತ್ತು. ಅದೇ ಸಂಸ್ಥೆಯ ವಿಶಾಲ್ ಪಾಟೀಲ್, ಯೋರ್ನ್ ಡುಂಕೆಲ್ ಮತ್ತು ಜೊತೆಗಾರರು ಆ ಎಳೆಯ ಗಂಟುಗಳನ್ನೂ ಗಣಿತವನ್ನೂ ಜೋಡಿಸಿ 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಗಂಟನ್ನು ಬಿಗಿಯುವಾಗ ದಾರ ತನ್ನ ಮೈಯಲ್ಲೇ ಉರುಳಲು ನೋಡುತ್ತದೆ. ಹಾಯುವ ಕಡೆಗಳಲ್ಲಿ ಆ ಉರುಳು ಎದುರುಬದುರಾಗಿದ್ದರೆ ಒಂದನ್ನೊಂದು ತಡೆದು ಗಂಟು ಕಚ್ಚುತ್ತದೆ. ಎಲ್ಲ ಕಡೆಯೂ ಒಂದೇ ದಿಕ್ಕಿಗೆ ಉರುಳುವಂತಿದ್ದರೆ ಗಂಟು ಹೊರಳಿ ಜಾರುತ್ತದೆ.

ಈಗ ಕುತ್ತಿಗೆ. ಕುಚ್ಚಿನ ನಿಜವಾದ ಸೋಜಿಗ ಇರುವುದು ಈ ಒಂದು ಸೆಂಟಿಮೀಟರಿನಲ್ಲಿ.

ಒಂದೂವರೆ ಅಡಿ ದಾರ ತೆಗೆದುಕೊಳ್ಳಿ. ಅದರ ಒಂದು ತುದಿಯನ್ನು ಕುಣಿಕೆಯಾಗಿ ಮಡಿಸಿ ಕುಚ್ಚಿನ ಮೈಮೇಲೆ ಉದ್ದಕ್ಕೆ ಮಲಗಿಸಿ: ಕುಣಿಕೆಯ ತಲೆ ಕೆಳಕ್ಕೆ, ಗಿಡ್ಡ ಬಾಲ ಮೇಲಕ್ಕೆ. ಉಳಿದ ಉದ್ದ ದಾರವನ್ನು ಕುಣಿಕೆಯೂ ಸೇರಿದಂತೆ ಕುಚ್ಚಿನ ಸುತ್ತ, ಮೇಲಿನಿಂದ ಕೆಳಕ್ಕೆ, ಸುತ್ತಿನ ಪಕ್ಕ ಸುತ್ತು ಬರುವಂತೆ ಬಿಗಿಯಾಗಿ ಏಳೆಂಟು ಸಲ ಸುತ್ತಿ. ಹೆಬ್ಬೆರಳಿನಲ್ಲಿ ಒತ್ತಿಹಿಡಿದುಕೊಂಡೇ ದಾರದ ಕೊನೆಯನ್ನು ಕುಣಿಕೆಯೊಳಗೆ ತೂರಿಸಿ, ಮೇಲಿರುವ ಗಿಡ್ಡ ಬಾಲವನ್ನು ಎಳೆಯಿರಿ. ಕುಣಿಕೆ ಆ ಕೊನೆಯನ್ನು ಕಚ್ಚಿಕೊಂಡು ಸುತ್ತುಗಳ ಅಡಿಗೆ ಸರಿಯುತ್ತದೆ. ಅರ್ಧ ದಾರಿಗೆ ನಿಲ್ಲಿಸಿ ಎರಡೂ ಬಾಲಗಳನ್ನು ಕತ್ತರಿಸಿ. ಗಂಟೇ ಇಲ್ಲ, ತುದಿಯೂ ಕಾಣುವುದಿಲ್ಲ, ಆದರೂ ಬಿಚ್ಚುವುದಿಲ್ಲ.

ಏಕೆ ಬಿಚ್ಚುವುದಿಲ್ಲ ಎಂಬುದರ ಲೆಕ್ಕವನ್ನು ಹದಿನೆಂಟನೆಯ ಶತಮಾನದಲ್ಲಿ ಹಾಕಿದ್ದು ಲಿಯೊನಾರ್ಡ್ ಆಯ್ಲರ್. ಮುಂದೆ ಅದನ್ನು ಎಂಜಿನಿಯರುಗಳ ಕೈಗೆ ಸಿಗುವಂತೆ ಬರೆದವರು ಜರ್ಮನಿಯ ಐಟಲ್‌ವೈನ್. ಕ್ಯಾಪ್‌ಸ್ಟನ್ ಸಮೀಕರಣ ಎಂದು ಅದರ ಹೆಸರು. ದುಂಡಗಿನ ವಸ್ತುವಿಗೆ ಸುತ್ತಿದ ದಾರದ ಒಂದು ಸಣ್ಣ ತುಣುಕನ್ನು ಗಮನಿಸಿ. ಎರಡೂ ಕಡೆಯ ಎಳೆತ ಆ ತುಣುಕನ್ನು ಒಳಕ್ಕೆ ಒತ್ತುತ್ತದೆ. ಒತ್ತಿದ್ದರಿಂದ ಘರ್ಷಣೆ ಹುಟ್ಟುತ್ತದೆ. ಆ ಘರ್ಷಣೆ ಎಳೆತದಲ್ಲಿ ಒಂದು ಪಾಲನ್ನು ತಾನೇ ಹೊರುತ್ತದೆ. ಮುಂದಿನ ತುಣುಕಿಗೆ ಹೋಗುವುದು ಉಳಿದ ಎಳೆತ ಮಾತ್ರ. ಅಲ್ಲೂ ಅಷ್ಟೇ ಪಾಲು ಕಳೆಯುತ್ತದೆ. ಹೀಗೆ ಸುತ್ತು ಹೆಚ್ಚಿದಂತೆ ಹಿಡಿತ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ.

ಅಂಕಿಯಲ್ಲಿ ನೋಡಿದರೆ ಇದರ ಬಲ ಗೊತ್ತಾಗುತ್ತದೆ. ದಾರಕ್ಕೂ ದಾರಕ್ಕೂ ನಡುವಿನ ಘರ್ಷಣಾಂಕ 0.2 ಎಂದಿಟ್ಟುಕೊಳ್ಳೋಣ. ಒಂದು ಸುತ್ತಿಗೆ ಎಳೆತ ಮೂರೂವರೆ ಪಟ್ಟು ಇಳಿಯುತ್ತದೆ. ಎರಡು ಸುತ್ತಿಗೆ 12 ಪಟ್ಟು, ಮೂರಕ್ಕೆ 43 ಪಟ್ಟು, ಐದಕ್ಕೆ 535 ಪಟ್ಟು. ಎಂಟು ಸುತ್ತಿಗೆ 23 ಸಾವಿರ ಪಟ್ಟು ದಾಟುತ್ತದೆ. ಕುತ್ತಿಗೆಯ ಒಂದು ಕೊನೆಯಲ್ಲಿ ದಾರದ ಎಳೆತ ಒಂದು ಕಿಲೋ ತೂಕದಷ್ಟಿದ್ದರೂ ಐದು ಸುತ್ತಿನ ಆಚೆ ಅದನ್ನು ತಡೆದು ನಿಲ್ಲಿಸಲು ಎರಡು ಗ್ರಾಂ ಸಾಕು. ಅಡಿಯಲ್ಲಿ ಸಿಕ್ಕಿಕೊಂಡ ದಾರದ ಬಾಲಕ್ಕೆ ಆ ಎರಡು ಗ್ರಾಂ ಏನೂ ಅಲ್ಲ.

ಮಲ್ಪೆಯ ಬಂದರಿನಲ್ಲಿ ದೋಣಿ ಕಟ್ಟುವವರು ಹಗ್ಗವನ್ನು ದಡದ ಗೂಟಕ್ಕೆ ಎರಡು ಮೂರು ಸುತ್ತು ಹಾಕಿ, ಕೊನೆಯನ್ನು ಒಂದೇ ಕೈಯಲ್ಲಿ ಹಿಡಿದು, ಅಲೆಗೆ ತೊನೆಯುವ ದೋಣಿಯನ್ನು ತಡೆಯುವುದು ಇದೇ ಲೆಕ್ಕದಿಂದ. ಸಮೀಕರಣದಲ್ಲಿ ಗೂಟದ ದಪ್ಪಕ್ಕೆ ಜಾಗವೇ ಇಲ್ಲ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ಎಷ್ಟು ಸುತ್ತು, ಎಷ್ಟು ಒರಟು, ಈ ಎರಡೇ ಮುಖ್ಯ. ಬಂದರಿನ ಗೂಟಕ್ಕೂ ಕುಚ್ಚಿನ ಸಣ್ಣ ಕುತ್ತಿಗೆಗೂ ಒಂದೇ ನಿಯಮ. ನುಣುಪಾದ ಸಿಲ್ಕ್ ದಾರಕ್ಕೆ ಹತ್ತಿಗಿಂತ ಒಂದೆರಡು ಸುತ್ತು ಹೆಚ್ಚು ಹಾಕಬೇಕಾದ ಕಾರಣವೂ ಇದರಲ್ಲೇ ಇದೆ: ಘರ್ಷಣಾಂಕ ಸ್ವಲ್ಪ ಇಳಿದರೂ ಆ ಇಳಿಕೆ ಸುತ್ತು ಸುತ್ತಿಗೂ ಗುಣಿಸಿಕೊಳ್ಳುತ್ತದೆ.

ಕುತ್ತಿಗೆಯ ಒಳಗಿರುವ 80 ದಾರಗಳು ಹೇಗೆ ನಿಂತವು? ಹೊರಗಿನ ಸುತ್ತು ಅವನ್ನೆಲ್ಲ ನಡುವಿಗೆ ಒತ್ತುತ್ತದೆ. ಹೊರಗಿನದು ಪಕ್ಕದ್ದನ್ನು, ಅದು ಅದರ ಪಕ್ಕದ್ದನ್ನು. ಯಾವ ದಾರವೂ ಒಂಟಿಯಲ್ಲ. ಇಷ್ಟು ಸಾಲದೆಂಬಂತೆ ಪ್ರತಿಯೊಂದು ದಾರವೂ ತಲೆಯ ಕಟ್ಟಿನ ಮೇಲೆ ಹಾಯ್ದು ಆಚೆ ಇಳಿದಿರುತ್ತದೆ. ಒಂದು ಕಾಲನ್ನು ಎಳೆದರೆ ಇನ್ನೊಂದು ಕಾಲು ಕುತ್ತಿಗೆಯನ್ನು ಮೇಲ್ಮುಖವಾಗಿ ದಾಟಿ, ಕಟ್ಟಿನ ಮೇಲೆ ಅರ್ಧ ಸುತ್ತು ಬಳಸಿ, ಮತ್ತೆ ಕುತ್ತಿಗೆಯೊಳಗೆ ಇಳಿದು ಬರಬೇಕು. ಮೂರು ಕಡೆ ತಡೆ. ಎಳೆ ಹರಿದರೂ ಕಳಚದೇ ಇರುವುದು ಇದರಿಂದ.

ಕುತ್ತಿಗೆಯ ಕೆಳಗೆ ಎಳೆಗಳು ಸ್ವತಂತ್ರ. ಅಲ್ಲಿ ಇನ್ನೊಂದು ಜಗ್ಗಾಟ ಶುರುವಾಗುತ್ತದೆ. ನೂಲಿನ ಹುರಿ ಹಿಡಿದಿದ್ದ ದಾರ ತುದಿ ಸಿಕ್ಕಿದ ಕೂಡಲೇ ಬಿಚ್ಚಿಕೊಳ್ಳಲು ನೋಡುತ್ತದೆ, ನಾರು ಅರಳುತ್ತದೆ. ಒಂದೊಂದು ಎಳೆಗೂ ತನ್ನದೇ ಬಿಗುಪು, ಕೆಳಗೆಳೆಯುವ ಭೂಮಿಯ ಸೆಳೆತ, ಪಕ್ಕದ ಎಳೆಗಳ ನೂಕಾಟ. ಇವೆಲ್ಲ ಸೇರಿ ಕುಚ್ಚಿನ ಆಕಾರ. ಮೇಲೆ ಹೇಳಿದ ಅದೇ ಮೂವರು, ಗೋಲ್ಡ್‌ಸ್ಟೀನ್, ವಾರೆನ್, ಬಾಲ್, ನೂಲಿಗೆ ಕೈಹಾಕುವ ಮುನ್ನ 2012ರಲ್ಲಿ ಇದೇ ಪ್ರಶ್ನೆಯನ್ನು ಬಿಡಿಸಿದ್ದರು. ಅವರು ನೋಡಿದ್ದು ಹಿಂದಕ್ಕೆ ಎತ್ತಿ ಕಟ್ಟಿದ ಕೂದಲಿನ ಜುಟ್ಟನ್ನು. ಲಕ್ಷದಷ್ಟು ಕೂದಲುಗಳ ಪ್ರತ್ಯೇಕ ಲೆಕ್ಕ ಸಾಧ್ಯವಿಲ್ಲವೆಂದು, ಅನಿಲದ ಅಣುಗಳನ್ನು ಒಟ್ಟಾಗಿ ನೋಡುವ ಹಾಗೆ ಜುಟ್ಟನ್ನೂ ಒಟ್ಟಾಗಿ ನೋಡಿದರು. ಕೂದಲಿನ ಸಹಜ ಸುರುಳಿಗಳು ಹೊರಕ್ಕೆ ಒತ್ತುವ ಬಲ, ಕೂದಲಿನ ಬಿಗುಪು, ಭಾರ, ಇವುಗಳ ಸಮತೋಲವೇ ಜುಟ್ಟಿನ ಆಕಾರ ಎಂದು ತೋರಿಸಿದರು. ಭಾರಕ್ಕೂ ಬಿಗುಪಿಗೂ ಇರುವ ಹೋಲಿಕೆಗೆ, ಉದ್ದ ಕೂದಲಿನ ಕತೆಯ ಹುಡುಗಿಯ ನೆನಪಿನಲ್ಲಿ, ರಪುಂಜಲ್ ಸಂಖ್ಯೆ ಎಂದು ಹೆಸರಿಟ್ಟರು. ಮನುಷ್ಯರ ಕೂದಲು ಸುಮಾರು 5 ಸೆಂ.ಮೀ. ದಾಟಿದ ಮೇಲೆ ಭಾರದ ಮಾತು ನಡೆಯತೊಡಗುತ್ತದೆ. ಜುಟ್ಟಿನ ಓಲಾಟವನ್ನು ಲೆಕ್ಕ ಹಾಕಿದ್ದ ಗಣಿತಜ್ಞ ಜೋಸೆಫ್ ಕೆಲರ್ ಅವರೊಂದಿಗೆ ಅದೇ ವರ್ಷ ಇವರಿಗೆ ಇಗ್ ನೊಬೆಲ್ ಬಂತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು.

ಕುಚ್ಚು ಮಾಡುವವರಿಗೆ ಇದರ ಅರ್ಥ ನೇರವಾಗಿದೆ. ತೀರ ಗಿಡ್ಡ ಕುಚ್ಚಿನಲ್ಲಿ ಬಿಗುಪು ಗೆಲ್ಲುತ್ತದೆ, ಎಳೆಗಳು ಬ್ರಷ್ಷಿನ ಹಾಗೆ ಸೆಟೆಯುತ್ತವೆ. ಉದ್ದ ಮಾಡಿದಷ್ಟೂ ಭಾರ ಗೆದ್ದು ಇಳಿಬೀಳುತ್ತವೆ. ಗಿಡ್ಡ ಕುಚ್ಚೇ ಬೇಕು, ಆದರೆ ಮೆತ್ತಗೆ ಇಳಿಯಬೇಕು ಎಂದರೆ ಎಳೆ ನಯವಾಗಬೇಕು. ಒಂದು ಕಡ್ಡಿಯನ್ನು ಅಷ್ಟೇ ಒಟ್ಟು ದಪ್ಪದ ನೂರು ಬಿಡಿ ಎಳೆಗಳಾಗಿ ಸೀಳಿದರೆ, ಆ ಎಳೆಗಳೆಲ್ಲ ಒಟ್ಟು ಸೇರಿಯೂ ಕಡ್ಡಿಯ ನೂರನೇ ಒಂದು ಪಾಲು ಬಿಗುಪನ್ನು ಮಾತ್ರ ಉಳಿಸಿಕೊಳ್ಳುತ್ತವೆ. ಸೂಕ್ಷ್ಮ ಎಳೆಗಳ ರೇಷ್ಮೆ ಕುಚ್ಚು ಎರಡೇ ಇಂಚಿದ್ದರೂ ಸೆರಗಿನಿಂದ ನೀರಿನಂತೆ ಇಳಿಯುವುದಕ್ಕೂ, ಅದೇ ಅಳತೆಯ ಸೆಣಬಿನ ಕುಚ್ಚು ಅಡ್ಡಕ್ಕೆ ನಿಲ್ಲುವುದಕ್ಕೂ ಇಷ್ಟೇ ಕಾರಣ. ಹತ್ತಿಯ ದಾರದಲ್ಲಿ ಆರು ಎಳೆಗಳನ್ನು ಬಾಚಣಿಗೆಯಿಂದ ಬಿಡಿಸುವುದು ಅಂದಕ್ಕಾಗಿ ಮಾತ್ರವಲ್ಲ, ಬಿಗುಪು ಇಳಿಯಲೆಂದು.

ಲಡಿಯಲ್ಲಿ ಮಡಿಸಿಟ್ಟಿದ್ದ ದಾರದಲ್ಲಿ ಡೊಂಕು ಉಳಿದಿರುತ್ತದೆ. ಇಡ್ಲಿ ಪಾತ್ರೆಯ ಆವಿಗೆ ಕುಚ್ಚನ್ನು ಇಕ್ಕಳದಲ್ಲಿ ಹಿಡಿದು ಅರೆ ನಿಮಿಷ ಇಳಿಬಿಟ್ಟರೆ ಡೊಂಕು ಬಿಡುತ್ತದೆ. ಸೆಲ್ಯುಲೋಸಿನ ಸರಪಳಿಗಳು ಒಂದನ್ನೊಂದು ಹೈಡ್ರೋಜನ್ ಬಂಧಗಳಿಂದ ಹಿಡಿದಿರುತ್ತವೆ. ನೀರಿನ ಅಣು ನಡುವೆ ನುಗ್ಗಿ ಆ ಬಂಧಗಳನ್ನು ಬಿಡಿಸುತ್ತದೆ, ಎಳೆ ತನ್ನ ಭಾರಕ್ಕೆ ನೆಟ್ಟಗಾಗುತ್ತದೆ; ಒಣಗುವಾಗ ಹೊಸ ಜಾಗದಲ್ಲಿ ಹೊಸ ಬಂಧ. ಬೆಳಿಗ್ಗೆ ಒದ್ದೆ ಕೂದಲನ್ನು ಜಡೆ ಹೆಣೆದು ಸಂಜೆ ಬಿಚ್ಚಿದರೆ ಅಲೆಯಲೆಯಾಗಿರುವುದೂ ಇದರಿಂದಲೇ. ಪಾಲಿಯೆಸ್ಟರಿನಲ್ಲಿ ಈ ಉಪಾಯ ಅಷ್ಟಾಗಿ ನಡೆಯದು. ಹತ್ತಿ ಮಾಮೂಲಿ ಹವೆಯಲ್ಲಿ ತನ್ನ ತೂಕದ ಶೇಕಡ 8ರಷ್ಟು ನೀರನ್ನು ಹೀರಿಕೊಂಡಿರುತ್ತದೆ, ರೇಷ್ಮೆ ಶೇಕಡ 11ರಷ್ಟು. ಪಾಲಿಯೆಸ್ಟರಿನಲ್ಲಿ ಅದು ಅರ್ಧ ಪರ್ಸೆಂಟೂ ಇಲ್ಲ. ಅದನ್ನು ಬಾಗಿಸಲು ಬೇಕಾದ್ದು ನೀರಲ್ಲ, ಬಿಸಿ.

ತುದಿ ಸಮ ಮಾಡುವುದು ಕೊನೆಯ ಕೆಲಸ. ಒದ್ದೆ ಮಾಡಿ ಕತ್ತರಿಸೋಣ ಎನಿಸುತ್ತದೆ, ಆದರೆ ಒದ್ದೆ ಎಳೆಗಳು ನೀರಿನ ಮೇಲ್ಮೈ ಎಳೆತಕ್ಕೆ ಸಿಕ್ಕಿ ಕಂತೆ ಕಂತೆಯಾಗಿ ಚೂಪಾಗುತ್ತವೆ. ಪ್ಯಾರಿಸಿನ ಜೋಸೆ ಬಿಕೊ ಮತ್ತು ಸಂಗಡಿಗರು ಒದ್ದೆ ಕೂದಲು ಹೀಗೆ ಕಂತೆಕಟ್ಟುವ ಬಗೆಯನ್ನೇ 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದ್ದಾರೆ. ಚೂಪಾದದ್ದನ್ನು ಅಡ್ಡ ಕತ್ತರಿಸಿದರೆ ಒಣಗಿದ ಮೇಲೆ ನಡುವಿನ ಎಳೆ ಗಿಡ್ಡ, ಹೊರಗಿನದು ಉದ್ದ. ಕೆಂಪು, ಕಡುನೀಲಿ ದಾರಗಳು ಬಣ್ಣ ಬಿಡುವ ಭಯ ಬೇರೆ. ಒಣ ಕುಚ್ಚಿಗೆ ಕಾಗದವನ್ನು ಬಿಗಿಯಾಗಿ ಸುತ್ತಿ, ಕಾಗದದ ಅಂಚಿಗೆ ಸರಿಯಾಗಿ ಒಂದೇ ಸಲ ಕತ್ತರಿಸುವುದು ಒಳ್ಳೆಯದು.

ಪಾರ್ಟಿಗೆಂದು ಟಿಶ್ಯೂ ಕಾಗದದಲ್ಲೂ ಕುಚ್ಚು ಮಾಡುತ್ತಾರೆ. ಅಲ್ಲಿ ಗಮನಿಸಬೇಕಾದ್ದು ಒಂದೇ, ಕಾಗದದ ಓಟ. ಯಂತ್ರದಲ್ಲಿ ಕಾಗದ ಓಡುವಾಗ ನಾರುಗಳು ಹೆಚ್ಚಾಗಿ ಓಟದ ದಿಕ್ಕಿಗೇ ಮಲಗುತ್ತವೆ, ಆ ದಿಕ್ಕಿಗೆ ಹರಿದರೆ ನೇರವಾಗಿ ಹರಿಯುತ್ತದೆ. ಝಾಲರಿಯನ್ನು ಆ ದಿಕ್ಕಿಗೇ ಕತ್ತರಿಸಬೇಕು. ಮಿರುಗುವ ಫಾಯಿಲ್ ಕುಚ್ಚುಗಳದ್ದು ಇನ್ನೊಂದು ತಂಟೆ. ಅಲ್ಯುಮಿನಿಯಂ ಆವಿ ಹಿಡಿಸಿದ ಪಾಲಿಯೆಸ್ಟರ್ ಹಾಳೆ ಅದು. ಬೆಂಗಳೂರಿನ ಒಣ ಫೆಬ್ರುವರಿಯಲ್ಲಿ ಅದನ್ನು ಕೈಯಿಂದ ನೇವರಿಸಿದರೆ ಪಟ್ಟಿಗಳೆಲ್ಲ ಒಂದೇ ಬಗೆಯ ವಿದ್ಯುದಂಶ ಪಡೆದು ಒಂದನ್ನೊಂದು ದೂಡಿ ಕೆದರಿ ನಿಲ್ಲುತ್ತವೆ. ಮಂಗಳೂರಿನ ತೇವದ ಹವೆಯಲ್ಲಿ ಆ ವಿದ್ಯುದಂಶ ಬೇಗ ಸೋರಿಹೋಗುತ್ತದೆ.

ವಿದ್ಯುತ್ತಿನ ಇತಿಹಾಸದ ಒಂದು ದೊಡ್ಡ ತಿರುವಿನಲ್ಲೂ ದಾರದ ತೋರಣವೇ ಇತ್ತು. 1729ರ ಜುಲೈ. ಇಂಗ್ಲೆಂಡಿನ ಕೆಂಟ್ ಪ್ರಾಂತದ ಆಟರ್ಡನ್ ಪ್ಲೇಸ್ ಎಂಬ ದೊಡ್ಡ ಮನೆ. ಸ್ಟೀಫನ್ ಗ್ರೇ, ಗೆಳೆಯ ಗ್ರ್ಯಾನ್‌ವಿಲ್ ವೀಲರ್ ಜೊತೆ, ತಿಕ್ಕಿದ ಗಾಜಿನ ಕೊಳವೆಯ ವಿದ್ಯುದ್ಗುಣ ಸೆಣಬಿನ ದಾರದ ಮೂಲಕ ಎಷ್ಟು ದೂರ ಹೋಗುತ್ತದೆಂದು ನೋಡುತ್ತಿದ್ದ. ಮನೆಯ ಉದ್ದ ಪಡಸಾಲೆಯಲ್ಲಿ ಅಡ್ಡಡ್ಡ ಕಟ್ಟಿದ ರೇಷ್ಮೆ ಎಳೆಗಳ ಮೇಲೆ ಸೆಣಬಿನ ದಾರವನ್ನು ಹಾಯಿಸಿ, ಕೊನೆಗೆ ದಂತದ ಚೆಂಡು ತೂಗುಹಾಕಿದರು. ಈ ತುದಿಯಲ್ಲಿ ಕೊಳವೆ ತಿಕ್ಕಿದರೆ ಎಂಬತ್ತು ಅಡಿ ಆಚೆ ಚೆಂಡು ಹಗುರ ಚೂರುಗಳನ್ನು ಸೆಳೆಯಿತು. ರೇಷ್ಮೆ ಸಣ್ಣಗಿರುವುದರಿಂದ ವಿದ್ಯುತ್ತು ಅದರ ಮೂಲಕ ಸೋರುತ್ತಿಲ್ಲ ಎಂದುಕೊಂಡಿದ್ದರು. ದಾರದ ಭಾರ ಹೆಚ್ಚಿಸಿದಾಗ ರೇಷ್ಮೆ ಹರಿಯಿತು. ಅಷ್ಟೇ ಸಣ್ಣ, ಆದರೆ ಗಟ್ಟಿಯಾದ ಹಿತ್ತಾಳೆಯ ತಂತಿ ಕಟ್ಟಿದರು. ಎಷ್ಟು ತಿಕ್ಕಿದರೂ ಚೆಂಡು ಏನನ್ನೂ ಸೆಳೆಯಲಿಲ್ಲ. ಸಣ್ಣಗಿರುವುದು ಕಾರಣವಲ್ಲ, ರೇಷ್ಮೆಯಾಗಿರುವುದೇ ಕಾರಣ. ವಾಹಕ, ಅವಾಹಕ ಎಂಬ ಭೇದ ಮನುಷ್ಯರಿಗೆ ತಿಳಿದದ್ದು ಹೀಗೆ, ಹರಿದ ಒಂದು ರೇಷ್ಮೆ ಎಳೆಯಿಂದ.

ಇನ್ನು ಕುಚ್ಚುಗಳನ್ನು ಮಾಲೆಗೆ ಕಟ್ಟಬೇಕು. ಸುಮ್ಮನೆ ಪೋಣಿಸಿ ಗೋಡೆಗೆ ಏರಿಸಿದರೆ ಪಕ್ಕದ ಕುಚ್ಚುಗಳು ನಡುವಿಗೆ ಜಾರಿ ಗುಂಪುಗೂಡುತ್ತವೆ. ಇದನ್ನೂ ಲೆಕ್ಕ ಹಾಕಬಹುದು. ಎರಡು ಮೀಟರ್ ಅಂತರದ ಮೊಳೆಗಳ ನಡುವೆ ಮಾಲೆ 25 ಸೆಂ.ಮೀ. ತಗ್ಗಿದರೆ ಮೊಳೆಯ ಹತ್ತಿರ ದಾರದ ಇಳಿಜಾರು ಎರಡಕ್ಕೆ ಒಂದು, ಅಂದರೆ 0.5. ನಡುವಿಗೆ ಬಂದಂತೆ ಅದು ಸೊನ್ನೆಯಾಗುತ್ತದೆ. ಇಳಿಜಾರು ಘರ್ಷಣಾಂಕವನ್ನು ಮೀರಿದಲ್ಲಿ ಕುಚ್ಚು ಜಾರಲೇಬೇಕು. ಘರ್ಷಣಾಂಕ 0.2 ಆದರೆ, ನಡುವಿನಿಂದ ಆಚೀಚೆ 40 ಸೆಂ.ಮೀ. ಒಳಗಿರುವ ಕುಚ್ಚುಗಳು ಮಾತ್ರ ಇದ್ದಲ್ಲೇ ಇರುತ್ತವೆ. ಪರಿಹಾರ ಮತ್ತೆ ಕುತ್ತಿಗೆಯ ಪಾಠವೇ: ಕುಚ್ಚಿನ ತಲೆಯ ಎರಡು ಬಾಲಗಳನ್ನು ಮಾಲೆಯ ದಾರಕ್ಕೆ ಎದುರು ಬದುರು ಎರಡೆರಡು ಸುತ್ತು ಸುತ್ತಿ ರೀಫ್ ಗಂಟು ಹಾಕಿ. ಆಮೇಲೆ ಅಲುಗಾಡದು.

ತೂಗುವ ಸರಪಳಿಯ ಆಕಾರ ಹೆಚ್ಚುಕಡಿಮೆ ಪರವಲಯ ಎಂದು ಗೆಲಿಲಿಯೊ ಬರೆದಿದ್ದ. ಜೇಕಬ್ ಬರ್ನೂಲಿ ಒಡ್ಡಿದ ಸವಾಲಿಗೆ ಉತ್ತರವಾಗಿ 1691ರಲ್ಲಿ ಲೈಬ್ನಿಟ್ಸ್, ಹೈಗೆನ್ಸ್, ಯೋಹಾನ್ ಬರ್ನೂಲಿ ಅದು ಬೇರೆಯೇ ಒಂದು ವಕ್ರರೇಖೆ ಎಂದು ತೋರಿಸಿಕೊಟ್ಟರು. ಕ್ಯಾಟನರಿ ಎಂದು ಅದನ್ನು ಕರೆಯುತ್ತಾರೆ. ನಮ್ಮ ಮಾಲೆಯಷ್ಟು ಕಡಿಮೆ ತಗ್ಗಿಗೆ ಎರಡರ ನಡುವಿನ ಅಂತರ ಕಣ್ಣಿಗೆ ಕಾಣದು, ಆದ್ದರಿಂದ ಪರವಲಯದ ಸರಳ ಸೂತ್ರವೇ ಸಾಕು: ಮಾಲೆಯ ಒಟ್ಟು ತೂಕವನ್ನು ಅಂತರದಿಂದ ಗುಣಿಸಿ, ತಗ್ಗಿನ ಎಂಟು ಪಟ್ಟಿನಿಂದ ಭಾಗಿಸಿದರೆ ಮೊಳೆಯ ಮೇಲೆ ಬೀಳುವ ಅಡ್ಡ ಎಳೆತ ಸಿಗುತ್ತದೆ.

ನಡುನಡುವೆ ಮಣಿ ಪೋಣಿಸಿದರೆ ಅವೂ ಸೇರಿ ಮಾಲೆಯ ತೂಕ 100 ಗ್ರಾಂ ಎಂದುಕೊಳ್ಳಿ. 25 ಸೆಂ.ಮೀ. ತಗ್ಗಿದರೆ ಅಡ್ಡ ಎಳೆತ 100 ಗ್ರಾಂ. ಬಿಗಿದು 5 ಸೆಂ.ಮೀ.ಗೆ ತಂದರೆ ಅರ್ಧ ಕಿಲೋ. ಒಂದೇ ಸೆಂ.ಮೀ. ತಗ್ಗಿಗೆ ಎರಡೂವರೆ ಕಿಲೋ. ತಗ್ಗೇ ಇಲ್ಲದಂತೆ ನೇರ ಕಟ್ಟಲು ಹೋದರೆ ಎಳೆತಕ್ಕೆ ಕೊನೆಯೇ ಇಲ್ಲ; ಅದಕ್ಕೂ ಮೊದಲೇ ಟೇಪು ಸುಣ್ಣದ ಸಮೇತ ಕಿತ್ತು ಬರುತ್ತದೆ. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯಲಾಗದೆ ಟೇಪನ್ನೇ ನೆಚ್ಚಿದವರು ಮಾಲೆಯನ್ನು ಧಾರಾಳವಾಗಿ ಇಳಿಬಿಡಬೇಕು. ನೇರವಾಗಿಯೇ ಕಾಣಬೇಕೆಂದಿದ್ದರೆ ನಡುವೆ ಮೂರನೆಯ ಟೇಪೊಂದನ್ನು ಹಾಕಿ. ಆಗ ಒಂದೊಂದು ಅರ್ಧಕ್ಕೂ ಅಂತರ 1 ಮೀಟರ್, ತೂಕ 50 ಗ್ರಾಂ, ಅದೇ 5 ಸೆಂ.ಮೀ. ತಗ್ಗಿಗೆ ಎಳೆತ 500ರಿಂದ 125 ಗ್ರಾಮಿಗೆ ಇಳಿಯುತ್ತದೆ. ನಡುವಿನ ಟೇಪಿಗೆ ಎಡಬಲದ ಎಳೆತಗಳು ಒಂದನ್ನೊಂದು ಕಳೆಯುವುದರಿಂದ ಅದು ಹೊರಬೇಕಾದ್ದು ನೇರ ಕೆಳಮುಖದ 50 ಗ್ರಾಂ ಮಾತ್ರ.